ಸಂಜೀವನ ಕಿಸೆಯ ಫ್ಯೂಸ್

ಕಳೆದ ಭಾನುವಾರ ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ನನಗೆ ಎಡಗೈಯಲ್ಲಿ ನಮಸ್ಕಾರ ಮಾಡಿದ. ಅಂಗಿಯ ಬಲತೋಳು ಮೊಣಕೈಯಿಂದ ಕೆಳಗೆ ಖಾಲಿ ಇತ್ತು.

ಸಂಜೀವ. ಬಂಟ್ವಾಳದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಕಲೆಸುವ ಯಂತ್ರ ನೋಡಿಕೊಳ್ಳುತ್ತಿದ್ದವ. ನಾಲ್ಕು ವರ್ಷದ ಹಿಂದೆ ನಾನು ಅಲ್ಲಿ ಇಂಜಿನಿಯರ್. (ಈಗ ಮೂಡುಬಿದಿರೆಯಲ್ಲಿ ಪಾಠ ಹೇಳುತ್ತೇನೆ. ಪಾಠದಲ್ಲಿ ಯಾರ ಕೈಯೂ ಹೋಗುವುದಿಲ್ಲ.)

ಕ್ಷೇಮಸಮಾಚಾರ ತುಳುವಿನಲ್ಲಿ ಮುಗಿಯಿತು. ಆಮೇಲೆ ಅವನು ಕನ್ನಡಕ್ಕೆ ಹೊರಳಿದ, ಆಫೀಸಿಗೆ ಅರ್ಜಿ ಕೊಡಲು ಬಂದವರ ಹಾಗೆ.

"ಇಂಜಿನಿಯರ್ರೇ, ನೀವು ಪೇಪರಿನಲ್ಲಿ ಬರೀತೀರಂತೆ. ನನ್ನದೊಂದು ಬರೆಯಿರಿ. ಫ್ಯೂಸ್ ತೆಗೆಯುವುದು ಬೇಡ ಅಂತ ಹೇಳಿದ್ದು ನೀವು ಅಂತ."

"ನಾನು ಹಾಗೆ ಹೇಳಿದ್ದೆನಾ?"

ಅವನು ನಕ್ಕ. "ಎಂತ ಮಾರಾಯ್ರೆ, ಕೈ ಹೋದದ್ದು ನನ್ನದು, ಮರೆವು ನಿಮಗಾ?"

ಆ ಕಾರ್ಖಾನೆಯಲ್ಲಿ ಒಂದು ರೂಢಿ ಇತ್ತು. ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ, ಯಾರಿಗೂ ಗೊತ್ತಿರಲಿಲ್ಲ. ಬಂದದ್ದೇ ನಿಂತ ಯಂತ್ರ ತಾನಾಗಿ ತಿರುಗಲು ಶುರು. ಹಾಗಾಗಿ ಯಂತ್ರದೊಳಗೆ ಕೈ ಹಾಕುವವನು ಮೊದಲು ಬೋರ್ಡಿನಿಂದ ಬಿಳಿ ಪಿಂಗಾಣಿ ಫ್ಯೂಸ್ ಕಿತ್ತು ತನ್ನ ಕಿಸೆಗೆ ಹಾಕಿಕೊಳ್ಳುತ್ತಿದ್ದ. "ಫ್ಯೂಸ್ ಎಲ್ಲಿ?" ಎಂದರೆ "ಕಿಸೆಯಲ್ಲಿ ಉಂಟು." ಅಷ್ಟೇ. ಅದನ್ನು ಬರೆದು ತೂಗುಹಾಕಿದ ಫಲಕ ಯಾವುದೂ ಇರಲಿಲ್ಲ.

ಆಮೇಲೆ ಧಣಿಗಳು ಬೆಂಗಳೂರಿನಿಂದ ಹೊಸ ಕಂಟ್ರೋಲ್ ಪ್ಯಾನೆಲ್ ತರಿಸಿದರು. ತಾನೇ ಲೆಕ್ಕ ಹಾಕಿ ಯಂತ್ರಗಳನ್ನು ನಡೆಸುವ ಪೆಟ್ಟಿಗೆ. ಅದರೊಳಗೊಂದು ಔಟ್‌ಪುಟ್ ಕಾರ್ಡ್. ಪೆಟ್ಟಿಗೆಯ ತೀರ್ಮಾನವನ್ನು ಮೋಟಾರಿಗೆ ಮುಟ್ಟಿಸುವುದು ಈ ಕಾರ್ಡಿನ ಕೆಲಸ. ಅದರಲ್ಲಿ ಕರೆಂಟಿನ ದಾರಿ ತೆರೆದು ಮುಚ್ಚುವ ಎಂಟು ಪುಟ್ಟ ರಿಲೇ, ಒಂದೊಂದಕ್ಕೂ ಸಾಸಿವೆಯಷ್ಟು ಕೆಂಪು ದೀಪ. ಉರಿದರೆ ಓಡು, ಆರಿದರೆ ನಿಲ್ಲು. ಮೂರನೆಯದು ಸಂಜೀವನ ಯಂತ್ರದ್ದು.

ಪೆಟ್ಟಿಗೆಗೆ ಬ್ಯಾಟರಿಯೂ ಇತ್ತು. ಕರೆಂಟು ಹೋದ ಕೂಡಲೇ ಅದು ಎಲ್ಲ ದೀಪ ಆರಿಸುತ್ತದೆ. ಯಾರಾದರೂ ಬಟನ್ ಒತ್ತುವ ತನಕ ಯಂತ್ರ ಅಲ್ಲಾಡುವುದಿಲ್ಲ. ಪ್ಯಾನೆಲ್ಲಿನ ಜೊತೆ ಬಂದ ಪುಸ್ತಕದಲ್ಲಿ ಹಾಗೆ ಇತ್ತು. ನಾನು ಪುಸ್ತಕ ಓದಿದವನು. ಫ್ಯೂಸುಗಳೆಲ್ಲ ಪ್ಯಾನೆಲ್ಲಿನ ಗಾಜಿನ ಬಾಗಿಲ ಹಿಂದೆ ಹೋದವು.

ಪುಸ್ತಕ ಓದಿಯೂ ನಾನು ಯೋಚಿಸದೆ ಬಿಟ್ಟದ್ದು ಒಂದು. ದೀಪ ಹೇಳುವುದು ಆಜ್ಞೆಯನ್ನು ಮಾತ್ರ. ಆಜ್ಞೆ ನಡೆಯಿತೋ ಇಲ್ಲವೋ, ಅದಕ್ಕೆ ಗೊತ್ತಿಲ್ಲ. ರಿಲೇಯೊಳಗೆ ಎರಡು ಲೋಹದ ಚೂರುಗಳು ಬೇರೆಯಾಗಬೇಕು. ಕಾದು ಅಂಟಿಕೊಂಡರೆ? ದೀಪ ಆರುತ್ತದೆ, ಮೋಟಾರಿಗೆ ಕರೆಂಟು ಹೋಗುವ ದಾರಿ ಮಾತ್ರ ತೆರೆದೇ ಇರುತ್ತದೆ. (ನಾವೂ ಹಾಗೆಯೇ ಅಲ್ಲವೇ? ಆರ್ಡರ್ ಹೊರಟಿತು ಎಂದರೆ ಕೆಲಸ ಆಯಿತು ಎಂದುಕೊಳ್ಳುತ್ತೇವೆ.)

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಯಂತ್ರದ ಅಲಗುಗಳ ನಡುವೆ ಮಣ್ಣು ಕಚ್ಚಿಕೊಂಡಿತ್ತು. ಸಂಜೀವ ಗಾಜಿನ ಮೂಲಕ ನೋಡಿದ. ಮೂರನೆಯ ದೀಪ ಆರಿತ್ತು. ಕೈ ಹಾಕಿದ.

ಕರೆಂಟು ಬಂತು.

ನಾನು ಆಫೀಸಿನಲ್ಲಿದ್ದೆ. ಹಾಗೆಂದು ನೆನಪು. ಮೊದಲು ಕೇಳಿದ್ದು ಮೋಟಾರಿನ ಸದ್ದೋ ಅವನ ಕೂಗೋ, ಹೇಳಲಾರೆ.

ವಿಚಾರಣೆಯ ಫಾರಂನಲ್ಲಿ ಒಂದು ಪ್ರಶ್ನೆ ಇತ್ತು: ಎಂದಿನ ಮುನ್ನೆಚ್ಚರಿಕೆ ಪಾಲಿಸಲಾಗಿತ್ತೇ? ನಾನು ಬರೆದೆ: ಇಲ್ಲ, ಕಾರ್ಮಿಕ ಫ್ಯೂಸ್ ತೆಗೆದಿರಲಿಲ್ಲ. ಅಕ್ಷರ ಅಕ್ಷರವೂ ನಿಜ. ಸಹಿ ಹಾಕಿದೆ.

"ನನ್ನ ಹೆಂಡತಿಯ ತಮ್ಮ ಈಗ ಅದೇ ಯಂತ್ರದಲ್ಲಿ ಇದ್ದಾನೆ," ಎಂದ ಸಂಜೀವ. "ಹೊಸಬರಿಗೆ ಹೇಳ್ತಾನಂತೆ, ನಮ್ಮ ಭಾವನ ಹಾಗೆ ಉದಾಸೀನ ಮಾಡಬೇಡಿ ಅಂತ. ಹದಿನೆಂಟು ವರ್ಷ ಇಂಜಿನಿಯರ್ರೇ, ಒಂದು ದಿನ ಫ್ಯೂಸ್ ಬಿಟ್ಟವನಲ್ಲ ನಾನು. ಕೈ ಹೋಯ್ತು, ಹೋಗಲಿ. ಈ ಮಾತು ಉಂಟಲ್ಲ, ಇದು ಹೋಗುವುದಿಲ್ಲ."

ಧರ್ಮಸ್ಥಳದ ಬಸ್ ಬಂತು. ಎಡಗೈಯಲ್ಲಿ ಕಂಬಿ ಹಿಡಿದು ಹತ್ತಿದ.

ಮನೆಗೆ ಬಂದು ಹಳೆಯ ಡೈರಿ ತೆಗೆದೆ. ನೆನಪನ್ನು ನಂಬದವನು ನಾನು, ಅದಕ್ಕೇ ಡೈರಿ ಬರೆಯುತ್ತೇನೆ. ಡೈರಿಯನ್ನೂ ಪೂರ್ತಿ ನಂಬುವುದಿಲ್ಲ. ಅದನ್ನು ಬರೆದವನೂ ನಾನೇ ತಾನೆ? ಅಪಘಾತದ ದಿನ ಎರಡೇ ಸಾಲು. ಫ್ಯೂಸ್ ಬೇಡವೆಂದು ಹೇಳಿದ್ದು ಎಲ್ಲೂ ಇಲ್ಲ. ಸಂಜೀವನೇ ಕಲ್ಪಿಸಿಕೊಂಡಿರಬಹುದೇ? ನೋವಿಗೂ ಮಾತು ಹುಟ್ಟಿಸುವ ಶಕ್ತಿ ಇದೆಯಲ್ಲ? (ತಪ್ಪಿಸಿಕೊಳ್ಳುವ ದಾರಿ ನನಗೆ ಎಷ್ಟು ಬೇಗ ಸಿಗುತ್ತದೆ ನೋಡಿ.)

ಇನ್ನೂ ಹಿಂದಕ್ಕೆ ಹೋದೆ. ಪ್ಯಾನೆಲ್ ಕೂರಿಸಿದ ವಾರ. ದಪ್ಪ ಅಕ್ಷರದಲ್ಲಿ ಬರೆದಿದ್ದೆ: "ಪ್ಯಾನೆಲ್ಲಿಗೆ ಬೀಗ ಹಾಕಿಸಿದೆ. ಕೀ ಒಂದೇ, ನನ್ನ ಕಿಸೆಯಲ್ಲಿ. ಇನ್ನು ಕಂಡಕಂಡವರು ಫ್ಯೂಸ್ ಕೀಳುವುದು ನಿಂತಿತು."

ಏನು ಹೇಳಿದ್ದೆನೋ ಈಗಲೂ ನೆನಪಿಲ್ಲ. ಬೇಕಾಗಿಯೂ ಇಲ್ಲ. ಸಂಜೀವ ಫ್ಯೂಸ್ ತೆಗೆಯದೆ ಉಳಿದದ್ದಲ್ಲ. ತೆಗೆಯಲು ನಾನು ಬಿಟ್ಟಿರಲಿಲ್ಲ. ಫಾರಂನಲ್ಲಿ ಬರೆಯಬೇಕಾಗಿದ್ದದ್ದು ಇದು.

ಸಂಜೀವನ ಭಾವಮೈದುನರೇ, ಹೊಸಬರಿಗೆ ಇನ್ನು ಮುಂದೆ ನನ್ನ ಕಥೆ ಹೇಳಿ, ನಿಮ್ಮ ಭಾವನದ್ದಲ್ಲ. ಮತ್ತೆ, ನಾಳೆ ಯಂತ್ರಕ್ಕೆ ಕೈ ಹಾಕುವ ಮೊದಲು ಒಂದು ವಿಚಾರಿಸಿ:

ಆ ಕೀ ಈಗ ಯಾರ ಕಿಸೆಯಲ್ಲಿದೆ?