ಕಹಳೆ ಪೋಕರ್ ಕಲಿತದ್ದು

ಹಣ್ಣಿನ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕಹಳೆ ಎಂದೇ. ಹೆಂಡತಿ ಒಬ್ಬಳು ಮಾತ್ರ ‘ರೀ’ ಎನ್ನುತ್ತಿದ್ದಳು. ತಗಡಿನ ಚಾವಣಿಯ ಆ ದೊಡ್ಡ ಅಂಗಳದಲ್ಲಿ ಲಾರಿಗಳ ಗುಡುಗುಡು, ಕೈಗಾಡಿಗಳ ಕಿರುಗುಟ್ಟುವಿಕೆ, ಪೆಟ್ಟಿಗೆ ಒಡೆಯುವ ಸುತ್ತಿಗೆಯ ಏಟು, ಎಲ್ಲದರ ಮೇಲೆ ಅವನ ದನಿ ಏರಿ ಹೋಗಿ ಆಚೆ ತುದಿಯ ಗೋಡೆಗೆ ಬಡಿಯುತ್ತಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ ಒಮ್ಮೆ ಅವನ ಕೆಲಸ ನೋಡಲು ಹೋಗಿ, ಕಿವಿ ಮುಚ್ಚಿಕೊಂಡು ನಕ್ಕು ನಕ್ಕು ಸುಸ್ತಾಗಿದ್ದಳು. ಮನೆಯಲ್ಲಿ ಉಪ್ಪು ಕೇಳುವಾಗಲೂ ಅವನು ಹರಾಜಿಗಿಟ್ಟವನಂತೆಯೇ ಕೇಳುತ್ತಿದ್ದ.

ಐವತ್ತು ದಾಟಿದ ಮೇಲೆ ಅವನ ಗಂಟಲಲ್ಲಿ ಗಂಟೊಂದು ಕಾಣಿಸಿಕೊಂಡಿತು. ವೈದ್ಯರು ಗಂಟು ತೆಗೆದರು, ಜೀವ ಉಳಿಸಿದರು. ದನಿಯನ್ನು ಉಳಿಸಲು ಅವರಿಂದಾಗಲಿಲ್ಲ. ಒಣಗಿದ ಸೊಪ್ಪನ್ನು ಅಂಗೈಯಲ್ಲಿ ಉಜ್ಜಿದಂಥ ಒಂದು ಪಿಸುಮಾತು ಉಳಿಯಿತು, ಅದೂ ಹತ್ತಿರ ಬಂದು ಕಿವಿಗೊಟ್ಟವರಿಗೆ ಮಾತ್ರ.

ನೋಡಲು ಬಂದವರೆಲ್ಲ ಅವನ ಮುಂದೆ ಕೂತು ಗಟ್ಟಿಯಾಗಿ ಕೂಗಿ ಮಾತಾಡಿದರು. ದನಿಯ ಜೊತೆ ಕಿವಿಯೂ ಹೋಗಿದೆ ಎಂದುಕೊಂಡರೋ ಏನೋ. ಆಮೇಲೆ ಅವನನ್ನು ಬಿಟ್ಟು ಹೆಂಡತಿಯನ್ನೇ ಕೇಳತೊಡಗಿದರು: “ಊಟ ಸೇರುತ್ತಾ ಇವರಿಗೆ? ನಿದ್ದೆ ಬರುತ್ತಾ?” ಅವನು ಎದುರಿಗೇ ಕೂತಿದ್ದ. ಮಾರುಕಟ್ಟೆಯ ಗೆಳೆಯರು ಎರಡು ಸಲ ಬಂದರು, ಗಡಿಯಾರ ನೋಡಿಕೊಂಡು ಎದ್ದರು, ಮತ್ತೆ ಬರಲಿಲ್ಲ.

ಹೆಂಡತಿ ಪರದೆ ಹೊಲಿಯುವವಳು. ಮುಂದಿನ ಕೋಣೆಯಲ್ಲಿ ಅವಳ ಯಂತ್ರ, ಉದ್ದನೆಯ ಮೇಜು, ಗೋಡೆಗೊರಗಿಸಿದ ಬಟ್ಟೆಯ ಸುರುಳಿಗಳು. ಗಂಡ ಆ ಸುರುಳಿಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಬೀದಿ ನೋಡುವುದನ್ನು ಅವಳು ದಿನವೂ ನೋಡುತ್ತಿದ್ದಳು. ಅವನು ಅಳಲಿಲ್ಲ, ರೇಗಲಿಲ್ಲ. ಅದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು.

ಅವಳ ತಮ್ಮ ನಗರದ ಬಸ್ಸು ಓಡಿಸುತ್ತಿದ್ದ. ರಜೆಯ ದಿನ ಬಂದವನು ತನ್ನ ಹಳೇ ಟ್ಯಾಬ್ಲೆಟ್ಟನ್ನು ಭಾವನ ತೊಡೆಯ ಮೇಲಿಟ್ಟ. ಅದರ ಗಾಜಿನ ಮೇಲೆ ಹಸಿರು ಮೇಜು, ಸುತ್ತಲೂ ಆಟಗಾರರು, ನಡುವೆ ಇಸ್ಪೀಟೆಲೆಗಳು.

“ಏನೋ ಇದು? ಮನೆಯೊಳಗೆ ಜೂಜು ತಂದ್ಯಾ?” ಎಂದು ಅಕ್ಕ ಹೊಲಿಗೆ ನಿಲ್ಲಿಸಿದಳು.

“ಜೂಜಲ್ಲಕ್ಕಾ, ಪೋಕರ್ ಅಂತ. ಪಣಕ್ಕಿಡೋ ಬಿಲ್ಲೆ ಎಲ್ಲಾ ಪುಕ್ಕಟೆ. ಸೋತ್ರೆ ನಾಳೆ ಅವರೇ ಬೇರೆ ಕೊಡ್ತಾರೆ. ಗೆದ್ರೂ ಒಂದು ಬಾಳೆಹಣ್ಣೂ ಬರಲ್ಲ.”

“ನಿಜವಾದ ದುಡ್ಡು ಒಂದು ಬಿಡಿಗಾಸು ಹೋದ್ರೂ ನಿನ್ನ ಕಿವಿ ಹಿಡಿದು ಹೊಲಿದುಬಿಡ್ತೀನಿ.”

“ಹೋಗಲ್ಲ ಮಾರಾಯ್ತಿ. ಭಾವಂಗೆ ಹೊತ್ತು ಹೋಗ್ಲಿ ಅಂತ.”

ಕಹಳೆ ಮೊದಲ ದಿನ ಆಡಿದ್ದು ಹರಾಜಿನವನ ಹಾಗೆಯೇ. ಪೋಕರಿನಲ್ಲೇ ಹೋಲ್ಡಮ್ ಎಂಬ ಬಗೆ ಅದು. ಕೈಗೆ ಎರಡು ಎಲೆ, ಎಲ್ಲರಿಗೂ ಸೇರಿದ ಐದು ಎಲೆ ನಡುವೆ, ಆ ಏಳರಲ್ಲಿ ಚೆನ್ನಾದ ಐದನ್ನು ಜೋಡಿಸಿಕೊಂಡವನು ಗೆದ್ದ. ಎಂಥ ಎಲೆ ಬಂದರೂ ಅವನ ಬೆರಳು ಪಣ ಏರಿಸುವ ಗುಂಡಿಯ ಮೇಲೆಯೇ. ಬೆಲೆ ಏರದೆ ನಿಂತರೆ ಎದೆ ಕುಟ್ಟುವ ಜೀವ ಅದು, ಜೀವಮಾನವಿಡೀ ಏರಿಸಿಯೇ ಬದುಕಿದ್ದು. ತಂದಿಟ್ಟ ಚಹಾ ಆರುವ ಮೊದಲೇ ಬಿಲ್ಲೆಗಳೆಲ್ಲ ಖಾಲಿಯಾದವು. ಮಾರನೆಯ ದಿನವೂ ಹಾಗೇ, ಅದರ ಮಾರನೆಯ ದಿನವೂ. ಇನ್ನೊಂದು ತೊಡಕಿತ್ತು. ಮಾರುಕಟ್ಟೆಯಲ್ಲಿ ಅವನಿಗೆ ಕೊಳ್ಳುವವರ ಮುಖವೇ ಪಂಚಾಂಗ. ಯಾರು ಮೂಗು ಸವರಿದರೆ ಇನ್ನೂ ಏರಿಸುತ್ತಾರೆ, ಯಾರು ಹೆಗಲು ಇಳಿಬಿಟ್ಟರೆ ಮುಗಿಯಿತು, ಎಲ್ಲವೂ ಬಾಯಿಪಾಠ. ಇಲ್ಲಿ ಒಬ್ಬನ ಮುಖದ ಜಾಗದಲ್ಲಿ ಬೆಕ್ಕಿನ ಚಿತ್ರ, ಇನ್ನೊಬ್ಬನದು ಮೋಟಾರು ಬೈಕು.

“ಬೆಕ್ಕಿನ ಮುಖ ನೋಡಿ ಏನು ತಿಳ್ಕೊಳ್ಳಲಿ?” ಎಂದು ಅವನು ಪಿಸುಗುಟ್ಟಿದ. ಎಷ್ಟೋ ವಾರಗಳ ಮೇಲೆ ಅವನಾಗಿಯೇ ಆಡಿದ ಮೊದಲ ಮಾತು ಅದು. ಹೆಂಡತಿ ಯಂತ್ರದ ಗಾಲಿಯನ್ನು ಕೈಯಿಂದ ಹಿಡಿದು ನಿಲ್ಲಿಸಿದಳು.

“ಅಲ್ಲಾರೀ, ಹರಾಜಲ್ಲಿ ನೀವು ಕೂಗೋರು. ಇಲ್ಲಿ ನೀವು ಕೊಳ್ಳೋರು. ಕೊಳ್ಳೋರಲ್ಲಿ ಜಾಣರು ಏನು ಮಾಡ್ತಿದ್ರು, ಅದನ್ನ ಯೋಚ್ನೆ ಮಾಡಿ.”

ಅವನು ಟ್ಯಾಬ್ಲೆಟ್ಟನ್ನು ಮಗುಚಿಟ್ಟ. ಜಾಣರಾದ ಕೊಳ್ಳುವವರು ಏನು ಮಾಡುತ್ತಿದ್ದರು? ಜೇಬಿನಲ್ಲಿ ಕೈ ಇಟ್ಟುಕೊಂಡು ನಿಲ್ಲುತ್ತಿದ್ದರು. ಸಾಲು ಸಾಲು ಪೆಟ್ಟಿಗೆಗಳನ್ನು ಬಿಟ್ಟುಕೊಡುತ್ತಿದ್ದರು. ಅವನು ಎಷ್ಟು ಕೆಣಕಿದರೂ ತುಟಿ ಬಿಚ್ಚದೆ, ತಮಗೆ ಬೇಕಾದ ಒಂದು ಗಾಡಿ ಬಂದಾಗ ಮಾತ್ರ ಬಾಯಿ ತೆರೆಯುತ್ತಿದ್ದರು. ಆ ಜನರನ್ನು ಕಂಡರೆ ಅವನಿಗೆ ಆಗ ಮೈಯುರಿಯುತ್ತಿತ್ತು. ಈಗ ಅವರ ಹಾಗೆ ಆಡಿದ. ಒಳ್ಳೆಯ ಎಲೆ ಬರುವ ತನಕ ಕೈ ಚೆಲ್ಲುವುದು, ಎಲ್ಲರೂ ಮುಗಿಸಿದ ಮೇಲೆ ತನ್ನ ಸರದಿ ಬರುವಾಗ ಧೈರ್ಯ ಮಾಡುವುದು. ಆ ವಾರ ಅವನ ಬಿಲ್ಲೆಗಳು ಕರಗಲಿಲ್ಲ.

“ಕೊನೇಲಿ ಮಾತಾಡೋನಿಗೇ ಲಾಭ ಕಣೇ,” ಎಂದ ಹೆಂಡತಿಗೆ. “ನಂಗೆ ಯಾರೂ ಹೇಳ್ಲೇ ಇಲ್ಲ.”

“ಹೇಳೋಕೆ ನೀವು ಸಂದು ಕೊಟ್ಟಿದ್ರೆ ತಾನೇ?” ಎಂದಳು ಅವಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವನು ಹೆಗಲು ಕುಣಿಸಿ ಸದ್ದಿಲ್ಲದೆ ನಗುತ್ತಿದ್ದ.

ಹೋಲ್ಡಮ್ ಕೈಗೆ ಹತ್ತಿತು ಎನ್ನುವಾಗ ಅವನು ಒಮಾಹ ಎಂಬ ಇನ್ನೊಂದು ಬಗೆಗೆ ಇಳಿದ. ಅದರಲ್ಲಿ ಕೈಗೆ ನಾಲ್ಕು ಎಲೆ. ನಡುವೆ ಇಸ್ಪೀಟು ಗುರುತಿನ ನಾಲ್ಕು ಎಲೆ ಬಿದ್ದವು, ಇವನ ಕೈಯಲ್ಲಿ ಇಸ್ಪೀಟಿನ ಎಕ್ಕ ಒಂದೇ ಒಂದಿತ್ತು. ಐದೂ ಒಂದೇ ಗುರುತು, ಗೆದ್ದೆ ಎಂದುಕೊಂಡು ಇದ್ದ ಬಿಲ್ಲೆಯನ್ನೆಲ್ಲ ನೂಕಿದ. ಮೂರು ಒಂಬತ್ತು ಇದ್ದವನು ಬಾಚಿಕೊಂಡು ಹೋದ. ಕಹಳೆ ಎದ್ದು ನಿಂತು, ಮೋಸ ಮೋಸ ಎಂದು ಬಾಯಿ ತೆರೆದರೆ ಬರಿಯ ಗಾಳಿ ಬಂತು. ಹೆಂಡತಿ ಬಂದು ನಿಯಮದ ಪುಟ ತೆರೆದು ಗಟ್ಟಿಯಾಗಿ ಓದಿದಳು. “ಕೈಯಿಂದ ಎರಡೇ ಎರಡು, ನಡುವಿಂದ ಮೂರೇ ಮೂರು. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಕಣ್ಣು ಮುಚ್ಕೊಂಡು ಆಡ್ತೀರಲ್ರೀ!”

ಆಮೇಲಿನದು ರಾಜ್ ಎಂಬ ಬಗೆ. ಅದರಲ್ಲಿ ಎಲ್ಲವೂ ತಲೆಕೆಳಗು, ಅತಿ ಸಣ್ಣ ಎಲೆಯವನೇ ಗೆಲ್ಲುವುದು. ಇದು ತಿಳಿಯದೆ ಅವನು ಕೈಗೆ ಮೂರು ರಾಜರು ಬಂದರೆಂದು ಹಿಗ್ಗಿ ಹೀರೇಕಾಯಿಯಾಗಿ ಹೆಂಡತಿಯನ್ನು ಕೈ ಬೀಸಿ ಕರೆದ. ಎರಡು, ನಾಲ್ಕು, ಆರು ಎಂಬ ಪುಡಿ ಎಲೆಗಳ ಎದುರಿಗೆ ಮೂವರು ರಾಜರೂ ಮಣ್ಣುಮುಕ್ಕಿದ್ದನ್ನು ಇಬ್ಬರೂ ಸೇರಿ ನೋಡಿದರು. ಅವಳಿಗೆ ನಗು ತಡೆಯಲಾಗದೆ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಉಗುಳಬೇಕಾಯಿತು. ಆದರೆ ರಾಜ್ ಆಟವೇ ಅವನಿಗೆ ಒಲಿಯಿತು. ಅದರಲ್ಲಿ ಪ್ರತಿಯೊಬ್ಬನ ಕೆಲವು ಎಲೆ ಎಲ್ಲರಿಗೂ ಕಾಣುವಂತೆ ಬೀಳುತ್ತವೆ. ಆಟ ಬಿಟ್ಟವರ ಎಲೆ ಮಾಯವಾಗುತ್ತದೆ, ಏನೇನು ಬಿದ್ದಿತ್ತು ಎಂದು ನೆನಪಿಟ್ಟವನಿಗೆ ಮುಂದೆ ಏನು ಬರಬಹುದು ಎಂದು ಗೊತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಯಾವ ಗಾಡಿ ಯಾರಿಗೆ ಎಷ್ಟಕ್ಕೆ ಹೋಯಿತು ಎಂದು ತಲೆಯಲ್ಲೇ ಹೊತ್ತವನಿಗೆ ಅದು ನೀರು ಕುಡಿದಷ್ಟು ಸುಲಭ.

ಹೆಂಡತಿಗೆ ಬೆರಗು ಹುಟ್ಟಿಸಿದ್ದು ಅವನ ಗೆಲುವಲ್ಲ. ಆಟ ಮುಗಿದ ಮೇಲೆ ಅವನು ಆಡಿದ ಕೈಗಳನ್ನು, ಅಂದರೆ ಒಂದೊಂದು ಸುತ್ತಿನ ಎಲೆಗಳನ್ನು, ಮತ್ತೆ ತೆರೆದು ಒಂದೊಂದಾಗಿ ನೋಡುತ್ತಿದ್ದ. ಕೆಲವು ಸಲ ದೊಡ್ಡದಾಗಿ ಗೆದ್ದು ಮುಖ ಸಿಂಡರಿಸುತ್ತಿದ್ದ, ಕೆಲವು ಸಲ ಸೋತು ತೃಪ್ತಿಯಿಂದ ತಲೆಯಾಡಿಸುತ್ತಿದ್ದ.

“ಗೆದ್ದಿದ್ದಕ್ಕೆ ಯಾಕ್ರೀ ಮುಖ ಹುಳ್ಳಗೆ?”

“ದಡ್ಡತನ ಮಾಡಿದ್ದೆ. ಎಲೆ ಬಂದು ಉಳಿಸ್ತು. ಇದನ್ನ ಗೆಲುವು ಅಂದ್ಕೊಂಡ್ರೆ ನಾಳೆ ಮತ್ತೆ ಅದೇ ದಡ್ಡತನ ಮಾಡ್ತೀನಿ.”

ಅವಳು ಆ ದಿನ ಹೊಲಿದು ಮುಗಿಸಿದ್ದ ಪರದೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಯಾರ ಕಣ್ಣಿಗೂ ಬೀಳದಂಥ ಒಂದು ಓರೆಯನ್ನು ಬಿಚ್ಚಿ ಮತ್ತೆ ಹೊಲಿದಳು. ಜೀವನವಿಡೀ ಕೂಗಾಡಿದ ಈ ಮನುಷ್ಯನೊಳಗೆ ಇಷ್ಟು ತಾಳ್ಮೆ ಯಾವ ಮೂಲೆಯಲ್ಲಿ ಅಡಗಿತ್ತು ಎಂದು ಅವಳಿಗೆ ತಿಳಿಯಲಿಲ್ಲ.

ಹೀಗಿರುವಾಗ ಮಾರುಕಟ್ಟೆಯಲ್ಲಿ ತಕ್ಕಡಿ ಹಿಡಿಯುವ ತೂಕದವನು ಹೊಸ ಮನೆಗೆ ಪರದೆ ಹೊಲಿಸಲು ಬಂದ. ಹಳೆಯ ಗೆಳೆಯನನ್ನು ಕಂಡು ಕಸಿವಿಸಿಗೊಂಡು, “ಹೇಗಿದೀಯಪ್ಪಾ?” ಎಂದು ಕಿರುಚಿ, ಉತ್ತರಕ್ಕೆ ಕಾಯದೆ ಅವನ ಹೆಂಡತಿಯ ಕಡೆ ತಿರುಗಿ ಕಿಟಕಿಗಳ ಅಳತೆ ಹೇಳತೊಡಗಿದ. ಹೇಳುತ್ತಾ ಹೇಳುತ್ತಾ ಅವನ ಕಣ್ಣು ಟ್ಯಾಬ್ಲೆಟ್ಟಿನ ಮೇಲೆ ಬಿತ್ತು. ಒಂದು ಕೈ ನೋಡಿದ, ಇನ್ನೊಂದು ನೋಡಿದ. “ಅಯ್ಯೋ, ಅಷ್ಟು ಚೆನ್ನಾದ ಎಲೆ ಯಾಕೋ ಬಿಸಾಕ್ದೆ?” ಎಂದ, ಈ ಸಲ ಕಿರುಚದೆ. ಕಹಳೆ ಏನೋ ಹೇಳಿದ. ತೂಕದವನಿಗೆ ಕೇಳಿಸಲಿಲ್ಲ. ಕುರ್ಚಿ ಎಳೆದುಕೊಂಡು ಹತ್ತಿರ ಕೂತು ತಲೆ ಬಾಗಿಸಿದ. ಅಳತೆಯ ಪಟ್ಟಿ ಹಿಡಿದು ನಿಂತಿದ್ದ ಹೆಂಡತಿ ಸದ್ದಾಗದಂತೆ ಒಳಗೆ ಹೋದಳು.

ಮುಂದಿನ ಭಾನುವಾರ ಮಧ್ಯಾಹ್ನ ಅವಳ ಉದ್ದನೆಯ ಮೇಜಿನ ಮೇಲೆ ನಿಜವಾದ ಎಲೆಗಳು ಬಿದ್ದವು. ಬಿಲ್ಲೆಗಳ ಬದಲಿಗೆ ಅವಳ ಡಬ್ಬಿಯ ಗುಂಡಿಗಳು. ತೂಕದವನು, ಬಸ್ಸಿನ ತಮ್ಮ, ಜೊತೆಗೆ ದ್ರಾಕ್ಷಿ ಯಜಮಾನಿ. ಮಾರುಕಟ್ಟೆಯ ದ್ರಾಕ್ಷಿಯೆಲ್ಲ ಆಕೆಯ ಕೈಯಿಂದಲೇ ಅಂಗಡಿಗಳಿಗೆ ಹೋಗುವುದು, ಅದಕ್ಕೇ ಆ ಹೆಸರು. ಪೋಕರಿನಲ್ಲಿ ಬಾಯಿಗೆ ಕೆಲಸವಿಲ್ಲ. ಮೇಜು ಕುಟ್ಟಿದರೆ ಈಗ ಬೇಡ ಎಂದು, ಗುಂಡಿ ನೂಕಿದರೆ ಪಣ ಎಂದು, ಎಲೆ ಸರಿಸಿದರೆ ಬಿಟ್ಟೆ ಎಂದು. ಆಟ ಹೇಳಿಕೊಡುವಾಗ ಮಾತ್ರ ಕಹಳೆ ಬಾಯಿ ತೆರೆಯುತ್ತಿದ್ದ, ಆಗ ಮೂರು ತಲೆಗಳೂ ಒಟ್ಟಿಗೆ ಅವನ ಕಡೆ ಬಾಗುತ್ತಿದ್ದವು.

ದ್ರಾಕ್ಷಿ ಯಜಮಾನಿಗೆ ಒಂದು ಚಾಳಿಯಿತ್ತು, ಹರಾಜಿನಲ್ಲಿ ಮಾಲು ಬೇಕೇಬೇಕು ಎನಿಸಿದರೆ ಕೈ ತಾನಾಗಿ ಕಿವಿಯೋಲೆಗೆ ಹೋಗುತ್ತಿತ್ತು. ಆ ಓಲೆಯನ್ನು ನೋಡಿಕೊಂಡೇ ಕಹಳೆ ಬೆಲೆ ಏರಿಸುತ್ತಿದ್ದ ಎಂದು ಆಕೆಗೆ ಬಹಳ ತಡವಾಗಿ ಗೊತ್ತಾಗಿತ್ತು. ಎರಡನೆಯ ಭಾನುವಾರ ಆಕೆ ಬರಿಗಿವಿಯಲ್ಲಿ ಬಂದಳು.

“ಓಲೆ ಎಲ್ಲಿ ಯಜಮಾನ್ತಿ?” ಎಂದು ತೂಕದವನು ಕೇಳಿದ.

“ಮನೇಲಿ ಬೀಗ ಹಾಕಿಟ್ಟು ಬಂದಿದೀನಿ. ಕಳ್ಳ ಎದುರಿಗೇ ಕೂತಿರ್ತಾನಲ್ಲ!”

ಆ ದಿನ ಕಹಳೆಯ ಕೈಗೆ ಎರಡು ರಾಣಿ ಬಂದವು, ನಡುವೆ ಇನ್ನೊಂದು ರಾಣಿ. ಅವನು ಪಣ ಕಟ್ಟಿದ, ಯಜಮಾನಿ ಸುಮ್ಮನೆ ಅಷ್ಟೇ ಕಟ್ಟಿದಳು. ಮತ್ತೆ ಕಟ್ಟಿದ, ಮತ್ತೆ ಅಷ್ಟೇ. ಕೊನೆಯ ಎಲೆ ಆಟೀನು, ನಡುವಿನ ಮೂರನೆಯ ಆಟೀನು. ಅವನು ಕಟ್ಟಿದ ಕೂಡಲೇ ಯಜಮಾನಿ ಗುಂಡಿಗಳ ಗುಡ್ಡೆಯನ್ನೇ ಮುಂದಕ್ಕೆ ನೂಕಿದಳು. ಹೊಲಿಗೆ ಬಿಟ್ಟು ಅವನ ಬೆನ್ನ ಹಿಂದೆ ನಿಂತಿದ್ದ ಹೆಂಡತಿಗೆ ಮೂರು ರಾಣಿಯರು ಕಾಣುತ್ತಿದ್ದರು. ಈಗ ಇವರು ಎಲ್ಲ ನೂಕುತ್ತಾರೆ ಎಂದುಕೊಂಡಳು. ಅವನು ಕೈಯಲ್ಲಿದ್ದ ಎರಡು ರಾಣಿಯರನ್ನೂ ಮೇಲ್ಮುಖವಾಗಿ ಮೇಜಿನ ಮೇಲಿಟ್ಟು ಸರಿಸಿಬಿಟ್ಟ.

ಯಜಮಾನಿ ತನ್ನ ಎಲೆ ತೋರಿಸಿದಳು, ಆಟೀನಿನ ಎಕ್ಕ, ಆಟೀನಿನ ಏಳು. ಒಂದೇ ಗುರುತಿನ ಐದಕ್ಕೆ ಮೂರು ರಾಣಿಯರು ಸಾಟಿಯಲ್ಲ. “ಓಲೆ ಮನೇಲಿದೆ, ಕೈ ಎರಡೂ ಮೇಜಿನ ಮೇಲಿತ್ತು. ಹೇಗಯ್ಯಾ ತಿಳೀತು ನಿಂಗೆ?”

ಎಲ್ಲರೂ ಬಾಗಿದರು. “ನಾನು ಮುಖ ನೋಡೋದು ಬಿಟ್ಟು ಬಹಳ ದಿನ ಆಯ್ತು,” ಎಂದು ಅವನು ಪಿಸುಗುಟ್ಟಿದ. “ಎರಡು ಸಲ ಸುಮ್ನೆ ನನ್ನಷ್ಟೇ ಕಟ್ಟಿದ್ರಿ. ಆಟೀನು ಬಿದ್ದ ತಕ್ಷಣ ಏರಿಸಿದ್ರಿ. ನಿಮ್ಮ ಗುಂಡಿಗಳೇ ಹೇಳಿದ್ವು.”

ಯಜಮಾನಿ ಗುಂಡಿಗಳನ್ನು ಬಾಚಿಕೊಳ್ಳುತ್ತಾ, “ನೀನು ಕೂಗ್ತಿದ್ದಾಗ ಇಷ್ಟು ಅಪಾಯದ ಮನುಷ್ಯ ಆಗಿರ್ಲಿಲ್ಲ,” ಎಂದಳು. ಅದಕ್ಕಿಂತ ದೊಡ್ಡ ಹೊಗಳಿಕೆ ಆಕೆಯ ಬಾಯಿಂದ ಮಾರುಕಟ್ಟೆಯಲ್ಲಿ ಯಾರೂ ಕೇಳಿರಲಿಲ್ಲ.

ಅವನು ಆನ್‌ಲೈನಿನಲ್ಲಿ ಮಹಾಶೂರನಾದ ಎಂದೇನಲ್ಲ. ವಾರಕ್ಕೊಮ್ಮೆ ಎಲ್ಲ ಬಗೆಯ ಆಟ ಸೇರಿಸಿ ನಡೆಸುವ ಪುಕ್ಕಟೆ ಪಂದ್ಯದಲ್ಲಿ ಒಮ್ಮೊಮ್ಮೆ ಕೊನೆಯ ಮೇಜಿನವರೆಗೆ ಹೋಗುತ್ತಾನೆ, ಒಮ್ಮೊಮ್ಮೆ ಮೊದಲ ಸುತ್ತಿಗೇ ಎದ್ದು ಬರುತ್ತಾನೆ. ಒಮಾಹದಲ್ಲಿ ಈಗಲೂ ಆಸೆ ಹೆಚ್ಚು, ಅದು ಅವನಿಗೂ ಗೊತ್ತು.

ಇಷ್ಟಾದ ಮೇಲಿನ ಒಂದು ಬೆಳಿಗ್ಗೆ, ತಿಂಗಳ ತಪಾಸಣೆಗೆ ಹೋದವನು ಹೊತ್ತಾದರೂ ಬರಲಿಲ್ಲವೆಂದು ಹೆಂಡತಿ ಗಂಟಲಿನ ಆಸ್ಪತ್ರೆಗೆ ಹುಡುಕಿಕೊಂಡು ಹೋದಳು. ಕಾಯುವ ಕೋಣೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕತ್ತಿಗೆ ಬಟ್ಟೆ ಕಟ್ಟಿಕೊಂಡವರು ಗೋಡೆಯುದ್ದಕ್ಕೂ ಕೂತು ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದ ಕೋಣೆ. ಗಾಜಿನ ಬಾಗಿಲ ಆಚೆ ಇವತ್ತು ಬೆಂಚುಗಳು ಗೋಡೆ ಬಿಟ್ಟು ಬಂದಿದ್ದವು. ಪತ್ರಿಕೆ ಇಡುವ ಮೇಜಿನ ಸುತ್ತ ಆರೇಳು ಜನ. ಒಬ್ಬರು ಮೇಜು ಕುಟ್ಟಿದರು, ಪಕ್ಕದವರು ಕುಟ್ಟಿದರು, ಸಂಗೀತದ ಮೇಷ್ಟರಾಗಿದ್ದ ಮುದುಕರೊಬ್ಬರು ಬೆಂಕಿಕಡ್ಡಿಗಳ ಕಟ್ಟನ್ನು ನಡುವೆ ನೂಕಿದರು. ಅವಳ ಗಂಡ ಎಲೆ ಮಗುಚಿ ನೋಡಿ, ಎರಡೂ ಕೈ ಮೇಲೆತ್ತಿ ಸೋತೆ ಎಂದ. ಮೇಷ್ಟರು ಬಾಯಿ ಅಗಲಿಸಿ, ಹೊಟ್ಟೆ ಕುಲುಕಿಸಿ, ಒಂದಿಷ್ಟೂ ಸದ್ದಿಲ್ಲದೆ ನಕ್ಕರು. ಅದನ್ನು ನೋಡಿ ಮಿಕ್ಕವರೂ ಹಾಗೇ ನಕ್ಕರು.

ಚೀಟಿ ಹಿಡಿದು ಬಂದ ನರ್ಸು ಅವಳ ಪಕ್ಕದಲ್ಲೇ ನಿಂತು, “ಹೆಸರು ಕರೆದ್ರೆ ಒಬ್ರೂ ಏಳಲ್ಲಮ್ಮ. ಈ ಕೈ ಮುಗೀಲಿ ಅಂತ ಬೆರಳು ತೋರಿಸ್ತಾರೆ,” ಎಂದು ಗೊಣಗಿದಳು.

“ಮುಗೀಲಿ ಬಿಡಿ,” ಎಂದಳು ಹೆಂಡತಿ. ಬಾಗಿಲು ತೆರೆಯದೆ ಅಲ್ಲೇ ನಿಂತು, ಮೇಷ್ಟರಿಗೆ ಎಲೆ ಕಲೆಸಲು ಕೊಡುತ್ತಿದ್ದ ತನ್ನ ಗಂಡನನ್ನು ನೋಡಿದಳು.