ಕಾಟಮ್ಮ ಕಟ್ಟಿದ ನಾಯಿ

ಜೋಗಿಮಟ್ಟಿ ಬೆಟ್ಟದ ಕೆಳಗಿನ ಗೊಲ್ಲರ ಹಟ್ಟಿಯಲ್ಲಿ ಕಾಟಮ್ಮ ಎಂಬ ಹೆಂಗಸಿದ್ದಳು. ಪ್ಲೇಗಿನಲ್ಲಿ ಗಂಡ ಚಿತ್ತಯ್ಯ ತೀರಿಕೊಂಡ ಮೇಲೆ ಅವಳ ಪಾಲಿಗೆ ಉಳಿದದ್ದು ಒಂದಷ್ಟು ಕುರಿ ಮತ್ತು ಅವನು ಮರಿಯಿಂದ ಸಾಕಿದ ಕೆಂದ ಎಂಬ ನಾಯಿ.

ಒಂದು ಬೇಸಿಗೆಯಲ್ಲಿ ಕೆಂದ ಎಡೆಬಿಡದೆ ಮೈ ಕೆರೆದುಕೊಳ್ಳತೊಡಗಿತು. ಕಿವಿಯಂಚಿನ, ಮುಂಗಾಲ ಗಿಣ್ಣಿನ ಕೂದಲು ಉದುರಿ, ಚರ್ಮ ದಪ್ಪಗಾಗಿ ಬಿರಿಯಿತು. ಹಟ್ಟಿಯ ಯಜಮಾನ ಜುಂಜಪ್ಪ ಅದನ್ನು ನೋಡಿ, “ಇದು ಕುರಿಗೂ ಹತ್ತತೈತೆ ಕಣಮ್ಮ. ದೂರ ಬಿಟ್ಟು ಬಾ,” ಎಂದ.

“ಕಜ್ಜಿ ಐತೆ ಅಷ್ಟೇ ಮಾವ. ವಾಸಿ ಮಾಡ್ತೀನಿ. ಅಲ್ಲೀಗಂಟ ಕುರಿ ಹತ್ರ ಬಿಡಲ್ಲ,” ಎಂದಳು ಕಾಟಮ್ಮ.

ಹಟ್ಟಿಯ ಹೊರಗಿನ ಮರಕ್ಕೆ ಕೆಂದನನ್ನು ಕಟ್ಟಿದಳು. ಬೇವಿನ ಸೊಪ್ಪು ಕುದಿಸಿದ ನೀರಲ್ಲಿ ಮೈ ತೊಳೆದು, ಹೊಂಗೆ ಎಣ್ಣೆಯಲ್ಲಿ ಗಂಧಕ ಕಲಸಿ ಹಚ್ಚಿದಳು. ಉರಿಗೆ ಅದು ಕುಯ್‌ಗುಟ್ಟಿತೇ ಹೊರತು ಅವಳ ಕೈ ಕಚ್ಚಲಿಲ್ಲ. ದಿನ ಕಳೆದಂತೆ ತುರಿಕೆ ನಿಂತು, ಕಿವಿಯ ಮೇಲೆ ಹೊಸ ಕೂದಲು ಮೂಡಿತು.

“ನಾಳೆ ಬಿಚ್ತೀನಿ ಕಣೋ,” ಎಂದು ಹೇಳಿ ಅವಳು ಸಂಜೆ ನೀರಿಗೆ ಹೋದಳು. ಆಗಲೇ ಬೆಟ್ಟದಿಂದ ಚಿರತೆ ಇಳಿಯಿತು. ಕಟ್ಟದಿದ್ದರೆ ಕೆಂದ ಹಟ್ಟಿಯೊಳಕ್ಕೆ ಓಡಿ ಬಂದುಬಿಡುತ್ತಿತ್ತು. ಕಾಟಮ್ಮ ಹಿಂತಿರುಗಿದಾಗ ಮರದ ಬುಡದಲ್ಲಿ ಹರಿದ ಹಗ್ಗ, ರಕ್ತ ಅಷ್ಟೇ ಇದ್ದವು.

“ನಾನೇ ಚಿರತೆಗೆ ಕಟ್ಟಿ ಕೊಟ್ಟೆ ಮಾವ,” ಎಂದಳು. ಓಡಿ ಬಂದಿದ್ದ ಜುಂಜಪ್ಪ ಮರದಲ್ಲಿ ಉಳಿದಿದ್ದ ಹಗ್ಗವನ್ನು ಬಿಚ್ಚಿದ.

ಮುಂದೆ, ಕೆಂದನ ಕಜ್ಜಿ ವಾಸಿಯಾಗಿದ್ದ ಸುದ್ದಿ ಕೇಳಿ, ಸುತ್ತಲ ಹಟ್ಟಿಯವರು ಕಜ್ಜಿ ಹತ್ತಿದ ನಾಯಿಗಳನ್ನು ಅವಳ ಹತ್ತಿರ ತಂದರು. ಅವಳು ಯಾವುದನ್ನೂ ಕಟ್ಟಗೊಡಲಿಲ್ಲ. ಹಚ್ಚಿದ ಎಣ್ಣೆ ಇಂಗುವವರೆಗೂ ಮಡಿಲಲ್ಲಿ ಹಿಡಿದು ಕೂರುತ್ತಿದ್ದಳು. ತಾನು ಮಾತ್ರ ಮತ್ತೊಂದು ನಾಯಿಯನ್ನು ಸಾಕಲಿಲ್ಲ.