ಮಹಡಿ ಬಸ್ಸಿನಲ್ಲಿ ಹೆಣ್ಣು ನೋಡುವ ಚಹಾ

ಚಲಿಸುವ ವಾಹನದಲ್ಲಿ ಚಹಾ ಕುಡಿಯುವುದು, ನೀವು ಗಮನಿಸಿದ್ದೀರೋ ಇಲ್ಲವೋ, ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಕುಡಿಯುವವರು, ಗಾಡಿ ಓಡಿಸುವವರು ಮತ್ತು ರಸ್ತೆ ಹಾಕಿದವರು, ಮೂವರೂ ಸೇರಿ ಮಾಡಬೇಕಾದ ಸಹಕಾರೀ ಉದ್ಯಮ. ಕಪ್ಪನ್ನು ತುಟಿಯ ಸಮೀಪಕ್ಕೆ ತರುವುದಷ್ಟೇ ನಮ್ಮ ಪಾಲಿನ ಕರ್ತವ್ಯ. ಅದು ಬಾಯೊಳಗೆ ಹೋಗುತ್ತದೋ, ಮೂಗಿಗೆ ಅಭಿಷೇಕವಾಗುತ್ತದೋ, ಪಕ್ಕದವರ ಬಿಳಿ ಧೋತರದ ಮೇಲೆ ಭೂಪಟವಾಗುತ್ತದೋ ಎಂಬುದನ್ನು ಮುಂದಿನ ರಸ್ತೆಯುಬ್ಬು ನಿರ್ಧರಿಸುತ್ತದೆ. ರಾಯಚೂರಿನಿಂದ ಹೈದರಾಬಾದಿಗೆ ಬಂದುಹೋಗುವ ರೈಲಿನಲ್ಲಿ ನಾನು ಇಷ್ಟು ವರ್ಷ ಕೊಂಡ ಚಹಾದಲ್ಲಿ ಕುಡಿದದ್ದು ಅರ್ಧವಾದರೆ ಹೆಚ್ಚು. ಉಳಿದರ್ಧ ದಕ್ಷಿಣ ಮಧ್ಯ ರೈಲ್ವೆಯ ಹಳಿಗಳಿಗೆ ಅರ್ಪಿತ.

ಇಂಥ ಅನುಭವ ಬೆನ್ನಿಗಿದ್ದೂ ನಾನೇ ಮುಂದೆ ನಿಂತು, ಮೂರು ಜನರನ್ನು ಪ್ರವಾಸಿಗರ ಡಬಲ್ ಡೆಕರ್ ಬಸ್ಸಿನ ಮೇಲ್ಮಹಡಿ ಹತ್ತಿಸಿ, ಸಂಜೆಯ ಚಹಾ ಕುಡಿಸುವ ಸಾಹಸಕ್ಕೆ ಕೈಹಾಕಿದೆನೆಂದರೆ ಅದಕ್ಕೊಂದು ಘನವಾದ ಕಾರಣವಿರಬೇಕಲ್ಲವೇ? ಇತ್ತು. ಆದರೆ ಅದನ್ನು ಹೇಳುವ ಮೊದಲು ಟ್ರೇ ಎಂಬ ವಸ್ತುವಿನ ಬಗ್ಗೆ ಎರಡು ಮಾತು ಆಡಲೇಬೇಕು.

ನಮ್ಮ ಕಡೆಯ ಮನೆಗಳಲ್ಲಿ ಟ್ರೇ ಒಂದು ವಿಚಿತ್ರವಾದ ಪಾತ್ರೆ. ದಿನನಿತ್ಯದ ಚಹಾ ಅದರ ಮೇಲೆ ಬರುವುದಿಲ್ಲ. ನೆಂಟರು ಬಂದರೆ ಎರಡು ಕೈಯಲ್ಲಿ ಎರಡು ಕಪ್ಪು ಹಿಡಿದು, ಬಾಗಿಲನ್ನು ಮೊಣಕೈಯಿಂದ ನೂಕಿಕೊಂಡು ಬಂದು, "ತಗೋರಿ, ಆರತೈತಿ" ಎಂದು ಕೊಡುವವರು ನಾವು. ಟ್ರೇ ಮಾತ್ರ ಮೇಲಿನ ಹಲಗೆಯಲ್ಲಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಸಿಕೊಂಡು ಯೋಗನಿದ್ರೆಯಲ್ಲಿರುತ್ತದೆ. ಅದು ಕೆಳಗಿಳಿಯುವುದು ಮನೆಯ ಹುಡುಗಿಯನ್ನು ನೋಡಲು ಗಂಡಿನವರು ಬಂದಾಗ. ಉಪ್ಪಿಟ್ಟಿನ ಮೊದಲ ಸುತ್ತು ಮುಗಿದ ಮೇಲೆ ಒಳಗಿನಿಂದ ಹುಡುಗಿ ಚಹಾದ ಟ್ರೇ ಹಿಡಿದು ಬರಬೇಕು. ನಡುಮನೆಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ಅವಳ ನಡಿಗೆ, ಕೈ, ಕಾಲು, ಬಗ್ಗುವ ರೀತಿ, ಕಪ್ಪು ಸದ್ದಾಗುತ್ತದೋ ಇಲ್ಲವೋ, ಎಲ್ಲವನ್ನೂ ನೋಡಬೇಕು. ಚಹಾ ಹೇಗಿದೆಯೆಂದು ಯಾರೂ ನೋಡುವುದಿಲ್ಲ.

ನನ್ನ ತಂಗಿ ಶಶಿಕಲಾ ಈ ಟ್ರೇಯನ್ನು ತನ್ನ ಪಾಲಿಗಿಂತ ಬಹಳ ಹೆಚ್ಚು ಸಲ ಹೊತ್ತವಳು. ಕೆಲವರಿಗೆ ಅವಳ ಬಣ್ಣ ಸಾಲಲಿಲ್ಲ, ಕೆಲವರಿಗೆ ಓದು ಅತಿಯಾಯಿತು, ಒಂದು ಮನೆಯವರು ಉಪ್ಪಿಟ್ಟು ತಿಂದು, ಚಹಾ ಕುಡಿದು, ಹೋಗುವಾಗ ಬಾಳೆಹಣ್ಣನ್ನೂ ಕಟ್ಟಿಸಿಕೊಂಡು, ಮರಳಿ ಸುದ್ದಿಯನ್ನೇ ಕೊಡಲಿಲ್ಲ. ಅವತ್ತು ಟ್ರೇಯನ್ನು ಪಾತ್ರೆ ತೊಳೆಯುವವಳಿಗೆ ದಾನ ಮಾಡಿ ಬಂದು, "ಅಕ್ಕಾ, ಇನ್ನ ಮುಂದ ನಾ ಯಾರ ಮುಂದನೂ ಚಾದ ಟ್ರೇ ಹಿಡದು ನಿಂದ್ರಂಗಿಲ್ಲ. ಲಗ್ನ ಆಗಲಿಲ್ಲಂದ್ರೂ ನಡೀತೈತಿ" ಎಂದಳು. ಸನತ್‌ನಗರದ ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಹೆಂಗಸು ಒಂದು ಮಾತು ಹೇಳಿದರೆ ಅದು ಅಳೆದು ತೂಗಿ ಹೇಳಿದ್ದೇ. ಅಪ್ಪ, ಅವ್ವ ತೀರಿಕೊಂಡ ಮೇಲೆ ಅವಳ ಮದುವೆಯ ಚಿಂತೆ ನನ್ನ ತಲೆಗೇ ಬಂದಿತ್ತು, ಆ ತಲೆಗಾದರೋ ಅದರಿಂದ ಬಿಳಿ ಕೂದಲಿನ ಹೊರತು ಬೇರೆ ಯಾವ ಲಾಭವೂ ಆಗಿರಲಿಲ್ಲ.

ಹೀಗಿರುವಾಗ ಗುರುನಾಥನ ಪ್ರಸ್ತಾಪ ಬಂತು. ಬೇಗಂ ಬಜಾರಿನಲ್ಲಿ ಸ್ಟೀಲಿನ ಪಾತ್ರೆಗಳ ಸಗಟು ಅಂಗಡಿ, ಬೀದರ್ ಕಡೆಯ ಜನ. ತಂಗಿಯರ ಮದುವೆ ಮುಗಿಸುವಷ್ಟರಲ್ಲಿ ತನ್ನ ವಯಸ್ಸು ನಲವತ್ತರ ಹೊಸ್ತಿಲಿಗೆ ಬಂದಿದೆಯೆಂದು ಗಮನಿಸಿದ ಸಾಧು ಮನುಷ್ಯ. ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ ಶಶಿ "ಕಣ್ಣು ಛೊಲೋ ಅದಾವು" ಎಂದಳು. ಅವಳ ಬಾಯಿಂದ ಅಂಥ ಮಾತು ಬಂದು ಯುಗಗಳಾಗಿದ್ದುದರಿಂದ ನನಗೆ ರಾತ್ರಿಯೆಲ್ಲ ಓಲಗದ ಸದ್ದೇ ಕೇಳಿಸಿತು. ಆದರೆ ಗುರುನಾಥನ ತಾಯಿ ಶಾಂತಾಬಾಯಿಯವರು ಹೆಣ್ಣು ನೋಡದೆ ಮುಂದಿನ ಮಾತಿಲ್ಲ ಎಂದರು. ನಮ್ಮ ಹಿಮಾಯತ್‌ನಗರದ ಮನೆಗೆ ಅವರು ಬಂದರೆ ಟ್ರೇ ಬೇಕು. ಟ್ರೇ ಬಂದರೆ ಶಶಿ ಬರುವುದಿಲ್ಲ. ಹೋಟೆಲಿನಲ್ಲಿ ಭೇಟಿಯಾಗೋಣವೆಂದರೆ, ಹೋಟೆಲಿನಲ್ಲಿ ಹೆಣ್ಣು ನೋಡುವುದು ಛಂದ ಕಾಣುವುದಿಲ್ಲವೆಂದು ಅವರ ಆಕ್ಷೇಪ. ಒಲೆಯ ಮುಂದೆ ಹಾಲು ಉಕ್ಕಿಹೋದದ್ದೂ ತಿಳಿಯದಷ್ಟು ಆಳವಾಗಿ ನಾನು ಈ ಪ್ರಮೇಯವನ್ನು ಚಿಂತಿಸಿದೆ.

ಪರಿಹಾರ ದೊರೆತದ್ದು ಟ್ಯಾಂಕ್ ಬಂಡಿನ ಮೇಲೆ. ಹುಸೇನ್ ಸಾಗರದ ದಂಡೆಯಲ್ಲಿ ಗಾಳಿಗೆ ನಿಂತಿದ್ದಾಗ ಆ ಬಸ್ಸು ಗಜಗಾಂಭೀರ್ಯದಿಂದ ಎದುರಿಗೇ ಹಾದುಹೋಯಿತು: ಮೇಲ್ಮಹಡಿಯಲ್ಲಿ ಎದುರುಬದುರು ಸೀಟು, ನಡುವೆ ಪುಟ್ಟ ಮೇಜು, ಊರು ತೋರಿಸುತ್ತ ನಡುದಾರಿಯಲ್ಲಿ ಚಹಾ, ಬಿಸ್ಕಿಟ್ಟು. ಚಹಾ ಕೊಡಲು ಬಸ್ಸಿನವರದೇ ಆಳು! ಆಹಾ, ಅದು ಮನೆಯಲ್ಲ, ಆದ್ದರಿಂದ ಹುಡುಗಿ ಟ್ರೇ ಹಿಡಿಯಬೇಕಿಲ್ಲ. ಹೋಟೆಲಲ್ಲ, ಆದ್ದರಿಂದ ಶಾಂತಾಬಾಯಿಯವರ ಮರ್ಯಾದೆಗೆ ಕುಂದಿಲ್ಲ. ಇಬ್ಬರಿಗೂ ಫೋನು ಮಾಡಿದೆ, ಇಬ್ಬರೂ ಒಪ್ಪಿದರು. ಶಶಿ ಮಾತ್ರ ಇನ್ನೊಮ್ಮೆ ಕೇಳಿದಳು, "ಟ್ರೇ ಇಲ್ಲ ಹೌದಿಲ್ಲೋ?" ನಾನು ದೇವರಾಣೆ ಇಟ್ಟೆ.

ಆ ಭಾನುವಾರ ನಾವು ನಾಲ್ವರೂ ಮೇಲ್ಮಹಡಿಯಲ್ಲಿ ಒಂದೇ ಮೇಜಿನ ಸುತ್ತ ಕೂತೆವು. ಕಿಟಕಿಯ ಪಕ್ಕ ನಾನು, ನನ್ನ ಬದಿಗೆ ನಡುದಾರಿಯ ಕಡೆ ಶಶಿ. ನನ್ನೆದುರಿಗೆ ಶಾಂತಾಬಾಯಿ, ಶಶಿಯ ಎದುರಿಗೆ ಗುರುನಾಥ. ಮಾತು ಸಲೀಸಾಗಿ ಸಾಗಿತು. ಹೊಸ ಊರು ನೋಡುವ ಬಸ್ಸಿನಲ್ಲಿ ಕೂತು, ಮೂವತ್ತು ವರ್ಷದಿಂದ ದಿನವೂ ನೋಡುತ್ತಿರುವ ರಸ್ತೆಗಳನ್ನು "ಅಗೋ ನೋಡ್ರಿ" ಎಂದು ಒಬ್ಬರಿಗೊಬ್ಬರು ತೋರಿಸಿಕೊಳ್ಳುವುದರಲ್ಲಿ ಒಂದು ಅಪೂರ್ವವಾದ ಸುಖವಿದೆ. ಮೇಲಿನಿಂದ ನೋಡಿದರೆ ನಮ್ಮ ಊರು ಸ್ವಲ್ಪ ಪರಕೀಯವಾಗಿ, ಆದ್ದರಿಂದಲೇ ಸ್ವಲ್ಪ ಸುಂದರವಾಗಿ ಕಾಣುತ್ತದೆ. ಅಂಗಡಿಗಳ ಬೋರ್ಡಿನ ಮೇಲೆ ಪಾರಿವಾಳಗಳು ಸಂಸಾರ ಹೂಡಿರುವುದು ಕೆಳಗೆ ನಡೆಯುವವರಿಗೆ ಎಲ್ಲಿ ತಿಳಿಯಬೇಕು? ಶಶಿ ಒಂದೆರಡು ಸಲ ನಕ್ಕಳು ಕೂಡ. ನಾನು ಮನಸ್ಸಿನಲ್ಲೇ ಛತ್ರ ಹುಡುಕತೊಡಗಿದೆ.

ನೀರಿನ ದಂಡೆಗೆ ಬಸ್ಸು ನಿಂತಿತು. ಚಹಾ ಕೊಡುವ ಸಾಜಿದ್ ಭಾಯಿ ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದ, ಕೈಯಲ್ಲಿ ನಾಲ್ಕು ಕಪ್ಪುಗಳಿದ್ದ ಟ್ರೇ. ಶಶಿ ಆಗತಾನೇ ಎದ್ದು, ನೀರಿನ ನಡುವಿನ ಬುದ್ಧನ ಪ್ರತಿಮೆಯ ಫೋಟೋ ತೆಗೆಯಲೆಂದು ನಡುದಾರಿಯಲ್ಲಿ ನಿಂತಿದ್ದಳು. ಅವನು ನಮ್ಮ ಮೇಜಿನ ಹತ್ತಿರ ಬಂದವನು ಏನೋ ನೆನಪಾಗಿ ಹಣೆ ಚಚ್ಚಿಕೊಂಡು, "ಜರಾ ಪಕಡೋ ಮೇಡಮ್, ಬಿಸ್ಕಿಟಾಂ ಲೇಕೆ ಆತೂಂ" ಎಂದು ಟ್ರೇಯನ್ನು ಅವಳ ಕೈಗಿತ್ತು ಬಿಸ್ಕಿಟ್ಟು ತರಲು ಕೆಳಗೆ ಧಾವಿಸಿದ. ಅಷ್ಟರಲ್ಲಿ ಟ್ರಾಫಿಕ್ ಪೊಲೀಸನ ಸೀಟಿ ಕೇಳಿಸಿತು, ಬಸ್ಸು ಹೊರಟೇಬಿಟ್ಟಿತು. ಬಸ್ಸು ಚಲಿಸುವಾಗ ಯಾರೂ ಮೆಟ್ಟಿಲು ಹತ್ತಕೂಡದೆಂಬುದು ಅಲ್ಲಿಯ ಕಟ್ಟುನಿಟ್ಟಿನ ನಿಯಮ. ಸಾಜಿದ್ ಭಾಯಿ ಕೆಳಮಹಡಿಯಲ್ಲೇ ಉಳಿದ.

ಅಯ್ಯೋ ಶಿವನೇ! ಗಂಡಿನವರ ಮುಂದೆ, ಚಹಾದ ಟ್ರೇ ಹಿಡಿದು, ನನ್ನ ತಂಗಿ ನಿಂತಿದ್ದಾಳೆ! ನಾನು ಎದ್ದು ಅದನ್ನು ಕಸಿದುಕೊಳ್ಳೋಣವೆಂದರೆ ಮೇಜಿಗೂ ಸೀಟಿಗೂ ನಡುವೆ ನನ್ನ ದೇಹಸಂಪತ್ತು ಸಿಕ್ಕಿಕೊಂಡು ಕದಲಲೊಲ್ಲದು. ಶಾಂತಾಬಾಯಿಯವರಾದರೋ, ಪಾಪ, ಕೇಡು ಬಯಸಿದವರಲ್ಲ, ಆದರೆ ಎದುರಿಗೆ ಟ್ರೇ ಹಿಡಿದ ಹುಡುಗಿ ಕಂಡೊಡನೆ ಅವರ ಬೆನ್ನು ತಾನಾಗಿ ನೆಟ್ಟಗಾಯಿತು, ಸೆರಗು ಸರಿಹೋಯಿತು, ದೃಷ್ಟಿ ಅವಳ ತಲೆಯಿಂದ ಕಾಲಿಗೆ, ಕಾಲಿನಿಂದ ತಲೆಗೆ ಸಂಚರಿಸಿತು, ಬಾಯಿ ತಾನೇ ತೆರೆದುಕೊಂಡಿತು: "ಅಡಗಿ-ಪಡಗಿ ಎಲ್ಲಾ ಬರ್ತದೇನವ್ವಾ?"

ಶಶಿಯ ಮುಖ ಕೆಂಪಾಯಿತು. ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ನಾನು ನೋಡಿದೆ. ಇನ್ನೇನು, ಟ್ರೇಯನ್ನು ಕಿಟಕಿಯಿಂದ ಹುಸೇನ್ ಸಾಗರಕ್ಕೆ ಎಸೆದು, ಮುಂದಿನ ಸಿಗ್ನಲ್ಲಿನಲ್ಲಿ ಇಳಿದು ಹೋಗುತ್ತಾಳೆ, ಮುಗಿಯಿತು ಸಂಬಂಧ ಎಂದುಕೊಂಡೆ. ಅವಳು ಒಂದು ಉಸಿರು ಎಳೆದುಕೊಂಡಳು. ಆಮೇಲೆ ಗುರುನಾಥನತ್ತ ತಿರುಗಿ, "ಇದನ್ನ ಸ್ವಲ್ಪ ಹಿಡೀರಿ" ಎಂದಳು.

ಆತ ಗಡಬಡಿಸಿ ಎದ್ದು ಎರಡೂ ಕೈಯಿಂದ ಟ್ರೇ ಹಿಡಿದ. ಶಶಿ ಅದರಿಂದ ಒಂದು ಕಪ್ಪು ಎತ್ತಿಕೊಂಡು, ಖಾಲಿಯಾದ ಅವನ ಸೀಟಿನಲ್ಲಿ, ಶಾಂತಾಬಾಯಿಯವರ ಮಗ್ಗುಲಿಗೇ ಕೂತಳು. "ಅಡಗಿ ಬರ್ತೈತ್ರಿ ಅಮ್ಮಾರ" ಎಂದು ಅವರಿಗೆ ಉತ್ತರಿಸಿ, ತಲೆಯೆತ್ತಿ ಅವರ ಮಗನನ್ನು ಕೇಳಿದಳು, "ನಿಮಗ ಬರ್ತೈತೇನ್ರಿ?"

ಬಸ್ಸು ಅದೇ ಕ್ಷಣಕ್ಕೆ ತಿರುವಿನಲ್ಲಿ ವಾಲಬೇಕೇ! ಗುರುನಾಥ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಊರಿ, ಟ್ರೇಯನ್ನು ಎದೆಮಟ್ಟಕ್ಕೆ ಹಿಡಿದು, ಯಾವುದೋ ಅಪರಿಚಿತ ಯೋಗಾಸನದಲ್ಲಿ ನಿಂತ. "ಇಲ್ರೀ" ಎಂದ. "ಚಾ ಮಾಡ್ಲಾಕೂ ಬರಂಗಿಲ್ಲ. ಇಂಥಾ ಟ್ರೇ ದಿನಾ ಡಜನ್‌ಗಟ್ಟಲೆ ಮಾರ್ತೀನ್ರಿ. ಹಿಡದು ನಿಂದ್ರೋದು ಇಷ್ಟ್ ತ್ರಾಸ್ ಅಂತ ಇವತ್ತೇ ಗೊತ್ತಾತು."

ಶಶಿ ಚಹಾ ಗುಟುಕರಿಸಿದಳು. ಆತ ತಾಯಿಗೊಂದು, ನನಗೊಂದು ಕಪ್ಪು ಕೊಟ್ಟ. ನನ್ನ ಕಪ್ಪಿನ ಕಾಲುಭಾಗ ಮೇಜಿಗೆ ಸಂದಾಯವಾಯಿತು. ಉಳಿದ ಕಪ್ಪೊಂದನ್ನು ತಾನು ತೆಗೆದುಕೊಳ್ಳಬೇಕು, ಅಷ್ಟರಲ್ಲಿ ಹಿಂದಿನ ಸೀಟಿನ ಪ್ರವಾಸಿ ಮುದುಕರೊಬ್ಬರು ಇವನನ್ನೇ ಬಸ್ಸಿನ ಆಳೆಂದು ತಿಳಿದು, "ಭೈಯಾ, ಇಧರ್ ಭೀ" ಎಂದು ಕೈಮಾಡಿದರು. ಬೇಗಂ ಬಜಾರಿನ ಸಾಹುಕಾರ ಒಂದು ಗಳಿಗೆ ನಿಂತ. ಆಮೇಲೆ "ಆಯಾ ಸಾಬ್" ಎಂದು ಹೋಗಿ ತನ್ನ ಕಪ್ಪನ್ನೇ ಅವರಿಗೆ ಕೊಟ್ಟು, ಬಿಸಿ ಇದೆ ಜೋಕೆ ಎಂದು ಹೇಳಿ, ಖಾಲಿ ಟ್ರೇ ಬಗಲಲ್ಲಿಟ್ಟುಕೊಂಡು ನಗುತ್ತ ಮರಳಿ ಬಂದ. ಶಶಿ ಇದನ್ನೆಲ್ಲ ನೋಡುತ್ತಿದ್ದಳು. ಅವಳನ್ನು ನಾನು ನೋಡುತ್ತಿದ್ದೆ.

ಶಾಂತಾಬಾಯಿಯವರು ಕಪ್ಪನ್ನು ತುಟಿಗೆ ಒಯ್ಯದೆ ಬಹಳ ಹೊತ್ತು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. "ಇವನ ಕೈಲೆ ನನಗೊಂದು ಕಪ್ ಚಾ ಸಿಕ್ಕಿದ್ದು ಇದೇ ಮೊದಲು ನೋಡವ್ವಾ" ಎಂದರು ಕಡೆಗೆ. ಒಂದು ಗುಟುಕು ಕುಡಿದು, "ಆರಿ ಹೋಗ್ಯಾದ. ಆದ್ರ ಛಲೋ ಅದ" ಎಂದರು. ಅವರು ಎಷ್ಟು ಮನೆಗಳ ನಡುಮನೆಯಲ್ಲಿ, ಎಷ್ಟು ಎಳೆಯ ಪ್ರಾಯದಲ್ಲಿ ಟ್ರೇ ಹಿಡಿದು ನಿಂತಿದ್ದರೋ, ನಾನು ಕೇಳಲಿಲ್ಲ. ಶಶಿಯ ಕೈಯನ್ನು ಅವರು ಮೆಲ್ಲಗೆ ಒತ್ತಿದ್ದು ಮಾತ್ರ ಕಂಡಿತು.

ಬಸ್ಸಿಳಿದು ರಸ್ತೆಬದಿಯ ಬೇಲಿಯ ಪಕ್ಕ ನಿಂತೆವು. ಇಂಥ ಗಳಿಗೆಯಲ್ಲಿ ಗಂಡಿನವರು ಚಪ್ಪಲಿ ಮೆಟ್ಟುತ್ತ ಆಡುವ ಮಾತು ಲೋಕಕ್ಕೆಲ್ಲ ಗೊತ್ತು. ಅದನ್ನು ಕೇಳಲು ನಾನು ಎದೆ ಗಟ್ಟಿಮಾಡಿಕೊಂಡೆ. ಆದರೆ ಶಾಂತಾಬಾಯಿಯವರು ಮಗನ ಮುಖವನ್ನೊಮ್ಮೆ ನೋಡಿ, "ನಮ್ಮ ಮನಸಿಗೆ ಬಂದಾಳ್ರಿ ನಿಮ್ಮ ತಂಗಿ. ನೀವೇನಂತೀರಿ?" ಎಂದು ನೇರವಾಗಿ ಕೇಳಿಬಿಟ್ಟರು. ನನ್ನ 'ಹೂಂ' ಹಲ್ಲಿನವರೆಗೆ ಬಂದಿತ್ತು. ಶಶಿ ನನ್ನ ಮೊಣಕೈ ಚಿವುಟಿ, ಅತ್ಯಂತ ವಿನಯದಿಂದ ಕೈಮುಗಿದು ಹೇಳಿದಳು:

"ಮನೀಗೆ ಹೋಗಿ ತಿಳಸ್ತೀವ್ರಿ."

ಗುರುನಾಥನ ಮುಖ ಸಣ್ಣದಾಯಿತು. ಆಟೋದಲ್ಲಿ ಹಿಮಾಯತ್‌ನಗರ ಮುಟ್ಟುವತನಕ ನಾನು ಮುಖ ತಿರುಗಿಸಿಕೊಂಡೇ ಕೂತೆ. ಮನೆಗೆ ಬಂದವಳೇ ಸಿಟ್ಟಿನಲ್ಲಿ ಚಹಾಕ್ಕಿಟ್ಟೆ, ಬಸ್ಸಿನಲ್ಲಿ ಅರ್ಧಂಬರ್ಧ ಕುಡಿದದ್ದು ನಾಲಿಗೆಗೂ ಹತ್ತಿರಲಿಲ್ಲ. ಕಪ್ಪನ್ನು ಅವಳ ಮುಂದೆ ಕುಕ್ಕಿ, "ಯಾಕ ಹಂಗಂದಿ? ಅಂಥಾ ಹುಡುಗ ಮನಸಿಗೆ ಬರಲಿಲ್ಲೇನು ನಿನಗ?" ಎಂದು ಹರಿಹಾಯ್ದೆ.

ಶಶಿ ಕಾಲು ಮಡಚಿ ಕುರ್ಚಿಯಲ್ಲಿ ಆರಾಮವಾಗಿ ಕೂತು, ಚಹಾ ಊದಿ ಊದಿ ಕುಡಿದಳು. ಅವಳ ಮುಖದಲ್ಲಿ ಅಂಥ ನಗುವನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ.

"ಬಂದಾನಕ್ಕಾ. ಟ್ರೇ ಹಿಡದು ನಿಂತಾಗನ ಬಂದ. ನಾಳಿ ಮುಂಜಾನೆ ಫೋನ್ ಮಾಡಿ ಹೂಂ ಅನ್ನು" ಎಂದಳು. "ಇವತ್ತೊಂದು ರಾತ್ರಿ ಅವರೂ ಕಾಯ್ಲಿ."